ಎಣಿಕೆ ತಪ್ಪಿದ ಮಣಿ

ಒಣಗಿದ ರೊಬಸ್ಟಾ ಕಾಫಿ ಚೆರಿಯ ಒಂದು ಮೂಟೆ 50 ಕಿಲೋ ತೂಗುತ್ತದೆ. ಸುಂಟಿಕೊಪ್ಪದ ಸಮೀಪದ ನಮ್ಮ ತೋಟದ ಕಣದಲ್ಲಿ ಮೂವತ್ತು ವರ್ಷಗಳಿಂದ ಇಂಥ ಮೂಟೆಗಳನ್ನು ಎತ್ತಿ ಇಳಿಸಿದ್ದೇನೆ. ಕಳೆದ ವರ್ಷ ಫೆಬ್ರವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ದಿಢೀರನೆ ಮೋಡ ಕವಿದು ಹನಿ ಬೀಳತೊಡಗಿತು. ಗಿಡ ಹೂವಾಗಲು ಆ ಮಳೆ ಬೇಕೇ ಆಗಿದ್ದರೂ, ಕಣದಲ್ಲಿದ್ದ ಕಾಫಿ ನೆನೆಯಬಾರದೆಂಬ ಆತುರದಲ್ಲಿ ಕಟ್ಟಿಟ್ಟಿದ್ದ ಮೂಟೆಯೊಂದನ್ನು ಬಗ್ಗಿ, ಸೊಂಟವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಎತ್ತಿಬಿಟ್ಟೆ. ಒಳಗೆ ಏನೋ ಜಾರಿದಂತಾಯಿತು. ಅಂದು ಇದ್ದದ್ದು ಬರೀ ಸೊಂಟ ಹಿಡಿದ ನೋವು. ನಾಲ್ಕನೆಯ ದಿನ ಆ ನೋವು ಬಲ ಪೃಷ್ಠದಿಂದ ಇಳಿದು, ತೊಡೆಯ ಹೊರಬದಿ, ಮೊಣಕಾಲ ಕೆಳಗಿನ ಹೊರಬದಿ, ಅಲ್ಲಿಂದ ಪಾದದ ಮೇಲ್ಭಾಗ ದಾಟಿ ಹೆಬ್ಬೆರಳವರೆಗೆ ಗೆರೆ ಎಳೆದ ಹಾಗೆ ಹರಿಯತೊಡಗಿತು. ಕೆಮ್ಮಿದರೂ ಸೀನಿದರೂ ಆ ಗೆರೆಯುದ್ದಕ್ಕೂ ಉರಿ ಏಳುತ್ತಿತ್ತು. ಮುಂದಿನ ಮೂರು ತಿಂಗಳು ನನ್ನ ಬೆನ್ನುಮೂಳೆಯ ಬಗ್ಗೆ ತೆಗೆದ ಎಲ್ಲ ಚಿತ್ರಗಳಿಗೂ ಅರ್ಥ ಕೊಟ್ಟದ್ದು ಆ ಗೆರೆಯೇ.

ಊರಿನ ನಮ್ಮ ಡಾಕ್ಟರು ಮೊದಲ ಭೇಟಿಯಲ್ಲಿ ಯಾವ ಚಿತ್ರವನ್ನೂ ಬರೆದುಕೊಡಲಿಲ್ಲ. ಮೂತ್ರ ಕಟ್ಟಿಕೊಂಡಿದೆಯೇ, ಕೂರುವ ಭಾಗ ಮರಗಟ್ಟಿದೆಯೇ, ಎರಡೂ ಕಾಲು ಸೋಲುತ್ತಿವೆಯೇ, ಸಂಜೆ ಜ್ವರ ಬರುತ್ತದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಹಿಂದೆ ಕ್ಷಯವೋ ಕ್ಯಾನ್ಸರೋ ಬಂದದ್ದುಂಟೇ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಇದರಲ್ಲಿ ಒಂದು ಹೌದಾಗಿದ್ದರೂ ತಡಮಾಡದೆ ಎಂಆರ್‌ಐಗೆ ಕಳುಹಿಸುತ್ತಿದ್ದೆ, ಯಾವುದೂ ಇಲ್ಲದಿರುವಾಗ ಹೆಚ್ಚಿನವರಿಗೆ ಆರು ವಾರಗಳೊಳಗೆ ನೋವು ತಾನಾಗಿಯೇ ಇಳಿಯುತ್ತದೆ, ಅಷ್ಟರೊಳಗೆ ಚಿತ್ರ ತೆಗೆಸಿದರೂ ಕೊಡುವ ಔಷಧಿ ಇದೇ ಎಂದು ವಿವರಿಸಿದರು. ಮನೆಯವರಿಗೂ ನೆಂಟರಿಗೂ ಇದು ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲವೆಂದೇ ಹೇಳಬೇಕು, ಏಕೆಂದರೆ ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಬಚ್ಚಲಲ್ಲಿ ಜಾರಿ ಕುಳಿತಾಗ ಇದೇ ಡಾಕ್ಟರು ಅದೇ ದಿನ ಎಕ್ಸ್-ರೇ ತೆಗೆಸಿ, ಬೆನ್ನುಮೂಳೆಯ ಮಣಿಯೊಂದು ಮುಂಬದಿಯಲ್ಲಿ ಕುಸಿದದ್ದನ್ನು ತೋರಿಸಿ, ಆ ಕುಸಿತ ಹಳೆಯದೋ ಹೊಸದೋ ಎಂದು ತಿಳಿಯಲು ಎಂಆರ್‌ಐಯನ್ನೂ, ಮೂಳೆಯ ಸಾಂದ್ರತೆ ಅಳೆಯಲು ಡೆಕ್ಸಾ ಪರೀಕ್ಷೆಯನ್ನೂ ಮಾಡಿಸಿದ್ದರು. ಡೆಕ್ಸಾದಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆಸವೆತವೆಂದು ಲೆಕ್ಕ. ಅಮ್ಮನದು ಕೆಳಗೇ ಇತ್ತು. ಎಪ್ಪತ್ತು ದಾಟಿದ ಹೆಂಗಸು ಬಿದ್ದದ್ದಕ್ಕೂ, ಐವತ್ತೆರಡರ ಗಂಡಸು ಮೂಟೆ ಎತ್ತಿದ್ದಕ್ಕೂ ಕೇಳಬೇಕಾದ ಪ್ರಶ್ನೆಗಳು ಬೇರೆ ಬೇರೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮೂರನೆಯ ವಾರ ಒಂದು ಬದಲಾವಣೆ ಕಾಣಿಸಿತು. ಅಂಗಳ ದಾಟುವಾಗ ಬಲಗಾಲಿನ ಚಪ್ಪಲಿ ನನಗೆ ಗೊತ್ತಾಗದಂತೆಯೇ ಕಳಚಿ ಹಿಂದೆ ಉಳಿಯುತ್ತಿತ್ತು. ಡಾಕ್ಟರಿಗೆ ಇದನ್ನು ಹೇಳಿದ್ದೇ ತಡ, ಅವರು ನನ್ನನ್ನು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಎಡಗಾಲು ನಿಂತಿತು, ಬಲಪಾದ ನೆಲಕ್ಕೆ ತಟ್ಟಿತು. ಅನಂತರ ಮಲಗಿಸಿ, "ಹೆಬ್ಬೆರಳನ್ನು ಮುಖದ ಕಡೆಗೆ ಎತ್ತಿ, ನಾನು ಒತ್ತುತ್ತೇನೆ, ಬಿಟ್ಟುಕೊಡಬೇಡಿ" ಎಂದರು. ಎಡ ಹೆಬ್ಬೆರಳು ಅವರ ಒಂದು ಬೆರಳಿನ ಒತ್ತಡವನ್ನು ತಡೆದು ನಿಂತಿತು. ಬಲದ್ದು ಸ್ವಲ್ಪ ಹೊತ್ತು ಸೆಣಸಿ ಮೆಲ್ಲಗೆ ಬಾಗಿತು. ಮೊಣಕಾಲು ಮಡಿಸದೆ ಬಲಗಾಲನ್ನು ಎತ್ತಿದಾಗ ಅರ್ಧಕ್ಕೂ ಬಾರದೆ ಗೆರೆ ಉರಿಯಿತು. ಈಗ ಚಿತ್ರ ಬೇಕು ಎಂದರು. ಮೊದಲು ಮಡಿಕೇರಿಯಲ್ಲಿ ಎಕ್ಸ್-ರೇ, ಆಮೇಲೆ ಮೈಸೂರಿನಲ್ಲಿ ಎಂಆರ್‌ಐ, ಅಲ್ಲಿಯೇ ಬೆನ್ನುಮೂಳೆಯ ಶಸ್ತ್ರವೈದ್ಯರ ಭೇಟಿ.

ಎಕ್ಸ್-ರೇ ಮುಗಿಯಲು ಹತ್ತು ನಿಮಿಷ ಸಾಕಾಯಿತು. ನಿಲ್ಲಿಸಿ ಎದುರಿನಿಂದ ಒಂದು, ಪಕ್ಕದಿಂದ ಒಂದು, ಮುಂದಕ್ಕೆ ಬಗ್ಗಿ ಒಂದು, ಹಿಂದಕ್ಕೆ ಬಾಗಿ ಒಂದು. ಬಗ್ಗಿದಾಗ ಒಂದು ಮಣಿಯ ಮೇಲೆ ಇನ್ನೊಂದು ಜಾರುತ್ತದೆಯೋ ಎಂದು ನೋಡುವುದಕ್ಕೆ ಕೊನೆಯ ಎರಡು. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್‌ಗನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನು ಗಾಜಿನ ಫಲಕದ ಮೇಲೆ ಮೂಡಿಸಿದಂದಿನಿಂದ ಇಂದಿನವರೆಗೂ ಈ ಕಿರಣ ಚೆನ್ನಾಗಿ ತೋರಿಸುವುದು ಸುಣ್ಣದಂಶ ತುಂಬಿದ ಮೂಳೆಯನ್ನು. ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್ ಆಗಲಿ ನರವಾಗಲಿ ಅದರಲ್ಲಿ ಕಾಣುವುದಿಲ್ಲ, ಎರಡು ಮಣಿಗಳ ನಡುವಿನ ತೆರಪು ಕಿರಿದಾಗಿದ್ದರೆ ಡಿಸ್ಕ್ ಸವೆದಿರಬಹುದೆಂದು ಊಹಿಸಬಹುದು ಅಷ್ಟೆ. ವಿಕಿರಣದ ಭಯವನ್ನು ನಾನು ಕೇಳಿಯೇ ಪರಿಹರಿಸಿಕೊಂಡೆ. ಸೊಂಟದ ಎಕ್ಸ್-ರೇ ಪರೀಕ್ಷೆಯಲ್ಲಿ ದೇಹಕ್ಕೆ ತಾಗುವುದು ಸುಮಾರು 1.5 ಮಿಲಿಸೀವರ್ಟ್, ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4ರಷ್ಟು ಹೇಗೂ ಬರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಇದು ಎಕ್ಸ್-ರೇಯ ಹಲವು ಪಟ್ಟು. ಎಂಆರ್‌ಐಯಲ್ಲಿ ಈ ಬಗೆಯ ವಿಕಿರಣವೇ ಇಲ್ಲ.

ಫಿಲ್ಮನ್ನು ಬೆಳಕಿಗೆ ಹಿಡಿದ ನಮ್ಮ ಡಾಕ್ಟರು ಒಂದು ಜಾಗದಲ್ಲಿ ಪೆನ್ನಿನ ತುದಿ ಇಟ್ಟು ನಿಂತರು. ಸೊಂಟದ ಮಣಿಗಳು ಐದು, ಅವುಗಳ ಕೆಳಗೆ ತ್ರಿಕಾಸ್ಥಿ ಎಂಬ ತ್ರಿಕೋನದ ಮೂಳೆ. ನನ್ನ ಐದನೆಯ ಮಣಿಯ ಎರಡು ಬದಿಯ ಚಾಚುಗಳು ಅಗಲವಾಗಿ ಬೆಳೆದು ತ್ರಿಕಾಸ್ಥಿಗೆ ಬೆಸೆದುಕೊಂಡಿದ್ದವು. ಹುಟ್ಟಿನಿಂದಲೇ ಹೀಗಿರುತ್ತದೆ, ಅನೇಕರಲ್ಲಿ ಇರುತ್ತದೆ, ಅದರಿಂದಲೇ ತೊಂದರೆಯೇನಿಲ್ಲ ಎಂದರು. ಆದರೆ ಕೆಂಪು ಶಾಯಿಯಲ್ಲಿ ಚೀಟಿಯ ಮೇಲೆ ಅದನ್ನು ಬರೆದು, ಅದರ ಕೆಳಗೆ ಬಲ ಹೆಬ್ಬೆರಳು ಎತ್ತುವ ಶಕ್ತಿ ಕುಂದಿದೆ, ನೋವು ಪಾದದ ಮೇಲ್ಭಾಗಕ್ಕೆ ಇಳಿಯುತ್ತದೆ, ಬಲಬದಿಯ ಎಲ್-5, ಅಂದರೆ ಸೊಂಟದ ಐದನೆಯ ನರದ ಶಂಕೆ ಎಂದು ಸೇರಿಸಿದರು. "ಈ ಚೀಟಿಯನ್ನೂ ಫಿಲ್ಮನ್ನೂ ಚಿತ್ರ ಓದುವವರ ಕೈಗೆ ಮುಟ್ಟಿಸಿ" ಎಂದು ಎರಡು ಸಲ ಹೇಳಿದರು.

ಮೈಸೂರಿನ ಪ್ರಯಾಣವನ್ನು ಹೆಚ್ಚು ಬೆಳೆಸುವುದಿಲ್ಲ. ಡಿಸ್ಕಿನ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಬಾಗಿ ಕೂತಾಗ ಹೆಚ್ಚು ಎಂಬುದನ್ನು ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರುಗಳ ದಾರಿಯಲ್ಲಿ ನನ್ನ ಕಾಲೇ ತಿಳಿಸಿತು. ಕಾರು ಓಡಿಸುತ್ತಿದ್ದ ಅಕ್ಕನ ಮಗ ಅರ್ಧ ಗಂಟೆಗೊಮ್ಮೆ, "ಮಾವ, ಇಳಿದು ನಾಲ್ಕು ಹೆಜ್ಜೆ ಹಾಕುತ್ತೀರಾ?" ಎಂದು ಕೇಳಿ ನಿಲ್ಲಿಸುತ್ತಿದ್ದ. ಸ್ಕ್ಯಾನ್ ಕೇಂದ್ರದ ಕೌಂಟರಿನಲ್ಲಿದ್ದವರು ಚೀಟಿಯನ್ನು ನೋಡಿ, ಕಂಪ್ಯೂಟರಿನಲ್ಲಿ 'ಬೆನ್ನು ನೋವು' ಎಂಬ ಎರಡೇ ಪದ ಹಾಕಿ, ಚೀಟಿಯನ್ನು ನನಗೇ ಹಿಂದಿರುಗಿಸಿದರು. ಎಕ್ಸ್-ರೇ ಫಿಲ್ಮ್ ಕೊಡಹೋದರೆ, "ಹಳೆಯದು ಬೇಡ ಸರ್, ಇದರಲ್ಲಿ ಎಲ್ಲ ಬರುತ್ತದೆ" ಎಂದರು. ನೋವಿನಲ್ಲಿದ್ದ ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಾಗಿತ್ತು.

ಒಳಗೆ ತಂತ್ರಜ್ಞರು ಒಂದು ನಮೂನೆ ತುಂಬಿಸಿದರು. ಪೇಸ್‌ಮೇಕರ್ ಇದೆಯೇ, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದೆಯೇ, ಕಿವಿಯೊಳಗೆ ಯಂತ್ರವಿದೆಯೇ, ವೆಲ್ಡಿಂಗ್ ಕೆಲಸ ಮಾಡಿ ಕಣ್ಣಿಗೆ ಲೋಹದ ಚೂರು ಹಾರಿದ್ದುಂಟೇ ಎಂಬ ಪ್ರಶ್ನೆಗಳ ಸಾಲಿನಲ್ಲಿ, ದೇಹದಲ್ಲಿ ಗುಂಡು ಅಥವಾ ಲೋಹದ ತುಣುಕು ಇದೆಯೇ ಎಂಬುದೂ ಇತ್ತು. ಇದೆ ಎಂದೆ. ಆ ಹುಡುಗ ಪೆನ್ನು ಕೆಳಗಿಟ್ಟ. ನನಗೆ ಹನ್ನೊಂದು ವರ್ಷವಾಗಿದ್ದಾಗ, ಕೈಲು ಮುಹೂರ್ತದ ಹಬ್ಬದ ಹಿಂದಿನ ದಿನ ಪೂಜೆಗಿಡಲು ಕೋವಿ ಒರೆಸುತ್ತಿದ್ದಾಗ ಒಳಗೆ ಉಳಿದುಹೋಗಿದ್ದ ತೋಟೆ ಹಾರಿ, ನೆಲಕ್ಕೆ ಬಡಿದು ಚೆದುರಿದ ಚರೆಗಳಲ್ಲಿ ಎರಡು ನನ್ನ ಎಡ ತೊಡೆಗೆ ಹೊಕ್ಕಿದ್ದವು. ಒಂದನ್ನು ತೆಗೆದಿದ್ದರು, ಇನ್ನೊಂದು ಮಾಂಸಖಂಡದಲ್ಲಿ ಉಳಿದಿತ್ತು. ಮನೆಯಲ್ಲಿ ಕೋವಿ ಇರುವ ಕೊಡಗಿನಲ್ಲಿ ಇದು ನಾವು ಮರೆತೇಬಿಡುವ ಸಂಗತಿ. ಆ ಕೋಣೆಯ ಬಾಗಿಲಲ್ಲಿ ಮಾತ್ರ ಮರೆಯುವಂತಿಲ್ಲ.

ಮರೆಯಬಾರದ ಕಾರಣವನ್ನು ಅಲ್ಲಿನ ವೈದ್ಯರು ಬಂದು ವಿವರಿಸಿದರು. ಯಂತ್ರದ ಕಾಂತಶಕ್ತಿ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಷ್ಟು ತಣ್ಣಗಿಟ್ಟ ತಂತಿಸುರುಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ಅದು ಹುಟ್ಟುವುದರಿಂದ, ರೋಗಿಯಿಲ್ಲದ ಹೊತ್ತಿನಲ್ಲೂ ರಾತ್ರಿಯಲ್ಲೂ ಆ ಕಾಂತ ಆರುವುದಿಲ್ಲ. ಕಬ್ಬಿಣದ ಆಮ್ಲಜನಕ ಸಿಲಿಂಡರೂ ಅದರ ಬಳಿಗೆ ಹೋದರೆ ಹಾರಿ ಬಂದು ಬಡಿಯುತ್ತದೆ. ಸೀಸದ ಚರೆಯನ್ನು ಅದು ಎಳೆಯುವುದಿಲ್ಲ, ಉಕ್ಕಿನ ಚರೆಯನ್ನು ಎಳೆಯಬಲ್ಲದು, ಎಕ್ಸ್-ರೇಯಲ್ಲಿ ಎರಡೂ ಬಿಳಿಯ ಚುಕ್ಕಿಯೇ. ಹಾಗಾಗಿ ಚುಕ್ಕಿ ಎಲ್ಲಿದೆ ಎಂಬುದು ಮುಖ್ಯ. ತೊಡೆಯ ಎಕ್ಸ್-ರೇ ತೆಗೆಸಿ, ಚರೆ ದೊಡ್ಡ ರಕ್ತನಾಳಕ್ಕೂ ನರಕ್ಕೂ ದೂರದಲ್ಲಿ, ನಲವತ್ತು ವರ್ಷಗಳ ಗಾಯದ ಗಂಟಿನೊಳಗೆ ಕೂತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಅವರು ಒಪ್ಪಿದರು. ಕಣ್ಣಿನ ಬಳಿಯಲ್ಲಿದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದೂ ಹೇಳಿದರು. ಉಂಗುರ, ಬೆಲ್ಟು, ಸೊಂಟದ ಬೆಳ್ಳಿ ಉಡಿದಾರ ಎಲ್ಲವನ್ನೂ ಬಿಚ್ಚಿಸಿದರು. ಚಿತ್ರ ತೆಗೆಯುವ ಜಾಗದಲ್ಲೇ ಉಡಿದಾರವಿದ್ದರೆ ಅಲ್ಲಿ ಕಪ್ಪು ಕಲೆ ಬೀಳುತ್ತದಂತೆ.

ಯಂತ್ರದೊಳಗಿನ ಇಪ್ಪತ್ತೈದು ನಿಮಿಷಗಳಲ್ಲಿ ಕಷ್ಟವಾದದ್ದು ಇಕ್ಕಟ್ಟಲ್ಲ, ಅಲುಗಾಡದಿರುವುದು. ಮೊಣಕಾಲ ಕೆಳಗೆ ದಿಂಬಿಟ್ಟು, ಕಿವಿಗೆ ಮುಚ್ಚಳ ಕೊಟ್ಟು, ಭಯವಾದರೆ ಹಿಸುಕಲು ರಬ್ಬರಿನ ಬುರುಡೆಯನ್ನು ಕೈಗಿತ್ತರು. ನಾಲ್ಕೈದು ನಿಮಿಷಗಳ ಒಂದೊಂದು ಸರಣಿಗೂ ಒಂದೊಂದು ಸದ್ದು: ಒಮ್ಮೆ ಮರಕುಟಿಗ ಕುಟ್ಟಿದಂತೆ, ಒಮ್ಮೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತಿರುಗಿದಂತೆ. ಆ ಸದ್ದು ಚಿತ್ರಕ್ಕಾಗಿ ಕಾಂತಕ್ಷೇತ್ರವನ್ನು ಕ್ಷಣಕ್ಷಣಕ್ಕೂ ಏರಿಳಿಸುವ ಸುರುಳಿಗಳು ಅದುರುವುದರಿಂದ ಬರುತ್ತದೆ. ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಕಣಗಳನ್ನು ಕಾಂತ ಸಾಲುಗೂಡಿಸುತ್ತದೆ, ರೇಡಿಯೋ ಅಲೆ ಆ ಸಾಲನ್ನು ಕದಡುತ್ತದೆ, ಕಣಗಳು ಹಿಂದಿನ ಸ್ಥಿತಿಗೆ ಮರಳುವಾಗ ಹೊಮ್ಮುವ ಸಂಕೇತವನ್ನೇ ಯಂತ್ರ ಚಿತ್ರವಾಗಿ ಹೆಣೆಯುತ್ತದೆ. ಈ ವಿದ್ಯೆಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂದಿತು. ಬಣ್ಣದ ಮದ್ದಿನ ಚುಚ್ಚುಮದ್ದು ನನಗೆ ಬೇಕಾಗಲಿಲ್ಲ. ಸೋಂಕು, ಗಡ್ಡೆ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ಪ್ರಶ್ನೆ ಇದ್ದಾಗ ಅದನ್ನು ಕೊಡುತ್ತಾರೆ.

ವರದಿ ಮರುದಿನ ಫೋನಿಗೆ ಬಂದಿತು. ಚರೆಯನ್ನು ನೋಡಿದ ವೈದ್ಯರು ಬೇರೆ, ವರದಿ ಬರೆದವರು ಬೇರೆ. ಮೂರು ಕಡೆ ಡಿಸ್ಕ್ ಉಬ್ಬಿದೆ, ಎರಡು ಕಡೆ ಡಿಸ್ಕಿನ ನೀರು ಆರಿದೆ, ಹಿಂಬದಿಯ ಕೀಲುಗಳು ಸವೆದಿವೆ, ಎಲ್-5 ಎಸ್-1 (ಸೊಂಟದ ಐದನೆಯ ಮಣಿ ಮತ್ತು ತ್ರಿಕಾಸ್ಥಿ) ನಡುವೆ ಡಿಸ್ಕ್ ಬಲಕ್ಕೆ ಹೊರಚಾಚಿದೆ, ಎರಡನೆಯ ಮಣಿಯಲ್ಲಿ ಹೆಮಾಂಜಿಯೋಮ ಇದೆ. ಆ ಕೊನೆಯ ಪದವನ್ನು ಓದಿ ನನ್ನ ಹೆಂಡತಿ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಗಡ್ಡೆಯೆಂದು ಗೊತ್ತಾಗುವಷ್ಟು ಆಕೆಗೂ ಅರ್ಥವಾಗಿತ್ತು. ಶಸ್ತ್ರವೈದ್ಯರನ್ನು ಕಾಣಲು ಇನ್ನೂ ಮೂರು ದಿನವಿತ್ತು. ಆ ಮೂರು ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಶಸ್ತ್ರವೈದ್ಯರು ವರದಿಯನ್ನು ಮಗುಚಿಟ್ಟು ಮೊದಲು ನನ್ನ ಕಾಲನ್ನು ನೋಡಿದರು. ಸೂಜಿಯ ತುದಿಯಿಂದ ಪಾದದ ಮೇಲೆ ಮುಟ್ಟುತ್ತಾ ಎಲ್ಲಿ ಮಂದವಾಗಿದೆ ಎಂದು ಕೇಳಿದರು, ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ಏಳಿಸಿದರು. ತುದಿಗಾಲಲ್ಲಿ ಸಲೀಸಾಗಿ ನಿಂತೆ. ಆಮೇಲೆ ವರದಿ ಓದಿ, "ಇದು ಹೊಂದುತ್ತಿಲ್ಲವಲ್ಲ" ಎಂದರು. ಎಲ್-5 ಎಸ್-1 ನಡುವಿನ ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಸ್-1 ನರವನ್ನು. ಆಗ ಅಂಗಾಲು ಮತ್ತು ಪಾದದ ಹೊರ ಅಂಚು ಮರಗಟ್ಟಬೇಕು, ತುದಿಗಾಲಲ್ಲಿ ಏಳಲು ಆಗಬಾರದು. ನನಗಿರುವುದು ಎಲ್-5 ನರದ ಲಕ್ಷಣ, ಅದನ್ನು ಒತ್ತುವುದು ಒಂದು ಮೆಟ್ಟಿಲು ಮೇಲಿನ ಡಿಸ್ಕ್. ನಾನು ಚೀಲದಿಂದ ಮಡಿಕೇರಿಯ ಫಿಲ್ಮನ್ನೂ ಕೆಂಪು ಶಾಯಿಯ ಚೀಟಿಯನ್ನೂ ತೆಗೆದುಕೊಟ್ಟೆ. ಅವರು ಚೀಟಿ ಓದಿ ಕೂಡಲೇ ವರದಿ ಬರೆದ ವೈದ್ಯರಿಗೆ ಫೋನ್ ಮಾಡಿದರು.

ಆದದ್ದು ಇಷ್ಟು. ವರದಿ ಬರೆದವರು ಕೆಳಗಿನಿಂದ ಮೇಲಕ್ಕೆ ಎಣಿಸಿದ್ದರು. ನನ್ನ ಐದನೆಯ ಮಣಿ ತ್ರಿಕಾಸ್ಥಿಗೆ ಬೆಸೆದುಕೊಂಡಿದ್ದರಿಂದ ಅದನ್ನೂ ತ್ರಿಕಾಸ್ಥಿಯ ಭಾಗವೆಂದೇ ಬಗೆದು, ಅದರ ಮೇಲಿನ ನಾಲ್ಕನೆಯದನ್ನು ಐದನೆಯದೆಂದು ಕರೆದಿದ್ದರು. ಎಕ್ಸ್-ರೇ ಅವರ ಕೈ ಸೇರಿರಲಿಲ್ಲ, ಹೆಬ್ಬೆರಳಿನ ವಿಷಯವೂ ತಿಳಿದಿರಲಿಲ್ಲ. ಅವರ ಮುಂದಿದ್ದದ್ದು 'ಬೆನ್ನು ನೋವು' ಎಂಬ ಎರಡು ಪದ. ಸ್ಕ್ಯಾನಿನ ಆರಂಭದಲ್ಲಿ ಇಡೀ ಬೆನ್ನುಮೂಳೆಯ ಒಂದು ಒರಟು ಚಿತ್ರವನ್ನೂ ತೆಗೆದಿದ್ದರು. ಅದರಲ್ಲಿ ಕತ್ತಿನ ಎರಡನೆಯ ಮಣಿಯಿಂದ ಕೆಳಕ್ಕೆ ಒಂದೊಂದಾಗಿ ಎಣಿಸಿದಾಗ ಡಿಸ್ಕ್ ಚಾಚಿದ್ದು ಎಲ್-4 ಎಲ್-5 ನಡುವೆ ಎಂದು ತಿಳಿಯಿತು. ಅದೇ ಸಂಜೆ ತಿದ್ದುಪಡಿಯ ವರದಿ ಕಳುಹಿಸಿದರು. ತಪ್ಪನ್ನು ಒಪ್ಪಿಕೊಂಡು ಅಷ್ಟು ಬೇಗ ತಿದ್ದಿದ ಆ ವೈದ್ಯರ ಬಗ್ಗೆ ನನಗೆ ಗೌರವವೇ ಇದೆ. ನನ್ನ ಆಕ್ಷೇಪವಿರುವುದು ಚೀಟಿಯನ್ನು ಕೌಂಟರಿನಲ್ಲೇ ತಡೆಯುವ ವ್ಯವಸ್ಥೆಯ ಮೇಲೆ.

ಪರದೆಯ ಮೇಲೆ ಚಿತ್ರವನ್ನೂ ತೋರಿಸಿದರು. ಟಿ-2 ಎಂಬ ಸರಣಿಯಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಮೇಲಿನ ಡಿಸ್ಕುಗಳ ನಡುಭಾಗ ಬೆಳ್ಳಗಿತ್ತು, ಕೆಳಗಿನದು ಕಪ್ಪಾಗಿತ್ತು, ಅದರ ಹಿಂಬದಿಯಿಂದ ಹೆಸರುಕಾಳಿನಷ್ಟು ಕಪ್ಪು ಉಂಡೆಯೊಂದು ನರಗಳ ಬಿಳಿಯ ಕಾಲುವೆಗೆ ಒತ್ತಿಕೊಂಡಿತ್ತು. ಹಣ್ಣು ಕಾಫಿಯನ್ನು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಬಿರಿದಲ್ಲಿಂದ ಬೀಜ ಜಾರಿ ಬರುವಂತೆ, ಡಿಸ್ಕಿನ ಗಟ್ಟಿ ಉಂಗುರ ಹರಿದಲ್ಲಿಂದ ಒಳಗಿನ ಮೆತ್ತನೆಯ ತಿರುಳು ಹೊರಬಂದಿತ್ತು. ಹೆಮಾಂಜಿಯೋಮವೆಂದರೆ ಮಣಿಯೊಳಗಿನ ರಕ್ತನಾಳ ಮತ್ತು ಕೊಬ್ಬಿನ ನಿರುಪದ್ರವಿ ಗಂಟು, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ ಅನೇಕರಲ್ಲಿ ಸಿಗುತ್ತದೆ, ಮರೆತುಬಿಡಿ ಎಂದರು. ನನ್ನ ಹೆಂಡತಿ ಅದನ್ನು ಎರಡನೆಯ ಸಲ ಹೇಳಿಸಿಕೊಂಡಳು. ಉಳಿದ ಉಬ್ಬುಗಳ ಬಗ್ಗೆ ಅವರು ಹೇಳಿದ ಒಂದು ಅಧ್ಯಯನವನ್ನು ಬರೆದುಕೊಂಡಿದ್ದೇನೆ. 2015ರಲ್ಲಿ ಪ್ರಕಟವಾದ ಅದರಲ್ಲಿ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದಾಗ, ಐವತ್ತರ ವಯಸ್ಸಿನವರಲ್ಲಿ ಶೇ. 80 ಮಂದಿಗೆ ಡಿಸ್ಕ್ ಸವೆತವೂ ಶೇ. 60 ಮಂದಿಗೆ ಉಬ್ಬೂ ಕಂಡುಬಂದಿದ್ದವು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಗೆ ಸವೆತವಿತ್ತು. ಮೂಟೆ ಎತ್ತುವ ಮುಂಚೆ ನನ್ನನ್ನು ಸ್ಕ್ಯಾನ್ ಮಾಡಿದ್ದರೂ ವರದಿಯ ಅರ್ಧದಷ್ಟು ಹೀಗೇ ಇರುತ್ತಿತ್ತೇನೋ. ಕಾಲಿನ ಗೆರೆಗೂ ಹೆಬ್ಬೆರಳಿಗೂ ಹೊಂದಿಕೆಯಾಗುವ ಆ ಒಂದು ಉಂಡೆಯೇ ಈಗಿನ ನೋವಿನ ಕಾರಣ.

ಶಕ್ತಿ ಇನ್ನಷ್ಟು ಕುಂದಿದರೆ ಶಸ್ತ್ರಚಿಕಿತ್ಸೆ, ಅಲ್ಲಿಯವರೆಗೆ ನರದ ಬುಡಕ್ಕೆ ಒಂದು ಚುಚ್ಚುಮದ್ದು ಎಂದು ನಿಶ್ಚಯಿಸಿದರು. ಹೊರಚಾಚಿದ ತಿರುಳನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುವುದು ಸಾಮಾನ್ಯವಂತೆ. ಚುಚ್ಚುಮದ್ದಿನ ದಿನ ಬೋರಲಾಗಿ ಮಲಗಿಸಿ, ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರವನ್ನು ನನ್ನ ಸೊಂಟದ ಸುತ್ತ ನಿಲ್ಲಿಸಿದರು. ಸೂಜಿ ಹಿಡಿಯುವ ಮೊದಲು ಆ ವೈದ್ಯರು ಯಂತ್ರವನ್ನು ಬೆನ್ನಿನ ಮೇಲಕ್ಕೆ ಸರಿಸಿ, ಕೊನೆಯ ಪಕ್ಕೆಲುಬು ಹೊತ್ತ ಮಣಿಯಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದರು. ಪಕ್ಕದಲ್ಲಿದ್ದ ನರ್ಸ್ ತಿದ್ದುಪಡಿಯ ವರದಿ ಹಿಡಿದು ಹೂಂಗುಟ್ಟುತ್ತಿದ್ದರು. ನಾಲ್ಕಾದ ಮೇಲೆ ಮತ್ತೊಮ್ಮೆ ಮೊದಲಿನಿಂದ ಎಣಿಸಿದರು. ಮೊದಲ ವರದಿಯನ್ನೇ ನಂಬಿದ್ದರೆ ಮದ್ದು ಬೇರೊಂದು ನರದ ಬುಡಕ್ಕೆ ಹೋಗುತ್ತಿತ್ತು. ಸೂಜಿ ಇಳಿದು, ಕಿರಣಕ್ಕೆ ಕಾಣುವ ದ್ರವವನ್ನು ತುಸುವೇ ಬಿಟ್ಟಾಗ ಅದು ನರದ ಗುಂಟ ಎಳೆಯಾಗಿ ಹರಿಯಿತಂತೆ. ನನಗೆ ಪರದೆ ಕಾಣುತ್ತಿರಲಿಲ್ಲ. ಆದರೆ ಆ ಕ್ಷಣಕ್ಕೆ ಸರಿಯಾಗಿ ಪೃಷ್ಠದಿಂದ ಹೆಬ್ಬೆರಳವರೆಗೆ ಅದೇ ಹಳೆಯ ಗೆರೆ ಹೊತ್ತಿಕೊಂಡಿತು. "ಹೆಬ್ಬೆರಳಿಗೆ ಬಂತು" ಎಂದು ಕೂಗಿದೆ. "ಅಲ್ಲಿಗೇ ಬರಬೇಕು" ಎಂದರು.

ನೋವು ಎರಡು ವಾರಗಳಲ್ಲಿ ಅರ್ಧಕ್ಕಿಳಿಯಿತು, ಹೆಬ್ಬೆರಳು ನಿಧಾನವಾಗಿ ಚೇತರಿಸಿಕೊಂಡಿತು. ಈಗ ಮೂಟೆಯನ್ನು ಇಬ್ಬರು ಸೇರಿ ಎತ್ತುತ್ತೇವೆ. ಜೂನ್ ಕೊನೆಯಲ್ಲಿ, ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಚಿತ್ರಗಳೆಲ್ಲ ಇದ್ದ ದೊಡ್ಡ ಲಕೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಊರಿನ ಡಾಕ್ಟರ ಬಳಿಗೆ ಹೋದೆ. ಡಿಸ್ಕ್ ಕರಗಿದೆಯೋ ಎಂದು ನೋಡಲು ಮತ್ತೊಂದು ಸ್ಕ್ಯಾನ್ ಬೇಕೇ ಎಂದು ಕೇಳಿದೆ. ಅವರು ಲಕೋಟೆಯನ್ನು ಮೇಜಿನ ಬದಿಗೆ ಸರಿಸಿ, ಹೊರಗಿನ ಉದ್ದನೆಯ ಜಗಲಿಯನ್ನು ತೋರಿಸಿದರು. ಕೊಡೆಯನ್ನು ಗೋಡೆಗೊರಗಿಸಿ, ಬರಿಗಾಲಿನಲ್ಲಿ, ಎರಡೂ ಹಿಮ್ಮಡಿಗಳ ಮೇಲೆ ಆ ತುದಿಯವರೆಗೆ ಹೋಗಿ ಬಂದೆ. ಲಕೋಟೆಯ ದಾರವನ್ನು ಅವರು ಬಿಚ್ಚಲಿಲ್ಲ.